ಹೆಸರು ಉಳಿಯಬೇಕು, ದುಡ್ಡು ಎಲ್ಲಿಡಬೇಕು? ಅಮೆರಿಕದ ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ಸ್ಮರಣೆಯ ಪ್ರಶಸ್ತಿ, ಸ್ಕಾಲರ್‌ಶಿಪ್: ಯಾವುದು ಯಾರಿಗೆ

"ಒಂದು ದತ್ತಿ ಇಟ್ಟುಬಿಡ್ರೋ. ವರ್ಷಾ ವರ್ಷಾ ಅವನ ಹೆಸರು ಹೇಳ್ತಾರೆ."

ಹಾಸನದಿಂದ ಅಜ್ಜಿ ಫೋನಿನಲ್ಲಿ ಹೇಳಿದ್ದು ಇಷ್ಟೇ. ಮೊಮ್ಮಗ ತೀರಿಹೋಗಿ ಮೂರು ತಿಂಗಳಾಗಿತ್ತು. ನಮ್ಮ ಕನ್ನಡ ಕೂಟದ ಹುಡುಗ, ಹದಿನೇಳು ವರ್ಷ, ಇಲ್ಲಿನ ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದ. ಆಡಿದ್ದಕ್ಕಿಂತ ಬೆಂಚಿನಲ್ಲಿ ಕೂತು ಟವೆಲ್ ಬೀಸಿದ್ದೇ ಜಾಸ್ತಿ. ತಂಡದ ಮಕ್ಕಳ ಅಪ್ಪ ಅಮ್ಮಂದಿರು, ಅವರಪ್ಪನ ಆಫೀಸಿನವರು, ಕೂಟದವರು ಎಲ್ಲ ಸೇರಿ ಕೊಟ್ಟ ದುಡ್ಡು 18,000 ಡಾಲರ್ ಆಗಿತ್ತು. ಕೂಟದ ಲೆಕ್ಕ ನೋಡಿಕೊಳ್ಳುವವನು ನಾನು. ಹಾಗಾಗಿ "ಇದರಲ್ಲಿ ಏನು ಮಾಡೋಣ" ಅನ್ನುವ ಪ್ರಶ್ನೆ ನನ್ನ ಹತ್ತಿರವೇ ಬಂತು.

ಆಮೇಲಿನ ಆರು ತಿಂಗಳಲ್ಲಿ ನಾನು ಕಲಿತಿದ್ದನ್ನು ಇಲ್ಲಿ ಬರೆದಿದ್ದೇನೆ. ಇಂಥ ಸಂದರ್ಭ ಯಾರಿಗೂ ಬರಬಾರದು. ಆದರೆ ಬಂದಾಗ ಯಾರಾದರೂ ಒಬ್ಬರು ಕೂತು ಹೋಲಿಸಿ ನೋಡಲೇಬೇಕಲ್ವಾ.

ಅಜ್ಜಿ ಹೇಳಿದ ದತ್ತಿ ನಮಗೆಲ್ಲ ಗೊತ್ತಿರುವುದೇ. ನಾನು ಓದಿದ ಶಾಲೆಯಲ್ಲೂ ಒಂದಿತ್ತು. ಯಾರೋ ಪುಣ್ಯಾತ್ಮರು ತಮ್ಮ ತಂದೆಯ ಹೆಸರಲ್ಲಿ ಐನೂರು ರೂಪಾಯಿ ಇಟ್ಟಿದ್ದರಂತೆ. ಮೊದಮೊದಲು ಅದರ ಬಡ್ಡಿಯಲ್ಲಿ ಒಂದು ಕಟ್ಟು ಪುಸ್ತಕ ಬರುತ್ತಿತ್ತಂತೆ. ನನ್ನ ಕಾಲಕ್ಕೆ ಅದು ಸ್ಟೀಲ್ ಲೋಟ ಆಗಿತ್ತು. ನನ್ನ ತಮ್ಮನ ಕಾಲಕ್ಕೆ ಒಂದು ಪೆನ್ನು. ಬೆಲೆ ಏರಿದ ಹಾಗೆ ಬಹುಮಾನ ಸಣ್ಣದಾಯಿತು. ಆದರೂ ಆ ಹೆಸರನ್ನು ಮಾತ್ರ ಹೆಡ್‌ಮಾಸ್ಟರು ಪ್ರತಿ ವರ್ಷ ತಪ್ಪದೆ ಓದುತ್ತಿದ್ದರು.

ಇಲ್ಲಿ ಇದರ ತದ್ವಿರುದ್ಧ ನೋಡಿದೆ. ಒಂದು ಶಾಲೆಯ ಜಿಮ್ ಹೊರಗಿನ ಗಾಜಿನ ಕಪಾಟಿನಲ್ಲಿ ಒಂದು ಮರದ ಫಲಕ ಇದೆ. ಮೇಲೆ ತೀರಿಕೊಂಡ ಆಟಗಾರನ ಹೆಸರು. ಕೆಳಗೆ ವರ್ಷಕ್ಕೊಂದರಂತೆ ಪ್ರಶಸ್ತಿ ಪಡೆದವರ ಹೆಸರು ಕೆತ್ತಿಸಲು ಇಪ್ಪತ್ತನಾಲ್ಕು ಪುಟ್ಟ ಹಿತ್ತಾಳೆ ಪಟ್ಟಿಗಳು. ಹೆಸರು ಇರುವುದು ಎಂಟರಲ್ಲಿ. ಉಳಿದ ಹದಿನಾರು ಖಾಲಿ. ದುಡ್ಡು ಮುಗಿದಿತ್ತಾ ಅಂತ ಕೇಳಿದೆ. ಇಲ್ಲ, ಕೋಚ್ ಬೇರೆ ಊರಿಗೆ ಹೋದರು, ಅಷ್ಟೇ.

ಆ ಫಲಕ ನೋಡಿದ ಮೇಲೆ ನನ್ನ ಲೆಕ್ಕ ಬದಲಾಯಿತು. ಎಷ್ಟು ದುಡ್ಡು ಅನ್ನುವುದು ಎರಡನೇ ಪ್ರಶ್ನೆ. ಹತ್ತು ವರ್ಷದ ಮೇಲೆ ಆ ಹೆಸರನ್ನು ಮೈಕ್ ಮುಂದೆ ಓದುವವರು ಯಾರು ಅನ್ನುವುದು ಮೊದಲನೇದು. ಕೆಳಗಿನ ಪ್ರತಿ ಆಯ್ಕೆಯನ್ನೂ ಈ ಪ್ರಶ್ನೆ ಇಟ್ಟುಕೊಂಡೇ ತೂಗಿದ್ದೇನೆ.

ಬರೀ ಪ್ರಶಸ್ತಿ: ಖರ್ಚು ಕಮ್ಮಿ, ಆಯುಸ್ಸು ಜಾಸ್ತಿ ಆಗಬಹುದು

ಸೀಸನ್ ಮುಗಿದ ಮೇಲೆ ಪ್ರತಿ ತಂಡವೂ ಒಂದು ಊಟ ಇಟ್ಟುಕೊಳ್ಳುತ್ತದೆ. ಅಲ್ಲಿ ಕೋಚ್ ನಾಲ್ಕೈದು ಪ್ರಶಸ್ತಿ ಕೊಡುತ್ತಾರೆ. ಅದರಲ್ಲಿ ಒಂದಕ್ಕೆ ನಿಮ್ಮವರ ಹೆಸರಿಡುವುದು ಎಲ್ಲಕ್ಕಿಂತ ಸುಲಭದ ದಾರಿ. ಒಂದು ಫಲಕ, ವರ್ಷಕ್ಕೊಂದು ಪಟ್ಟಿ ಕೆತ್ತಿಸುವ ಕೂಲಿ. ಕೆಲವು ನೂರು ಡಾಲರ್‌ಗಳಲ್ಲಿ ಹತ್ತಾರು ವರ್ಷ ನಡೆಯುತ್ತದೆ.

ಇದು ಸಣ್ಣದು ಅಂದುಕೊಳ್ಳಬೇಡಿ. ಇಂಡಿಯಾನಾ ರಾಜ್ಯದ ಟ್ರೆಸ್ಟರ್ ಪ್ರಶಸ್ತಿಯನ್ನೇ ನೋಡಿ. ಆರ್ಥರ್ ಟ್ರೆಸ್ಟರ್ ಅಲ್ಲಿನ ಹೈಸ್ಕೂಲ್ ಕ್ರೀಡಾ ಸಂಘವನ್ನು ವರ್ಷಾನುಗಟ್ಟಲೆ ನಡೆಸಿದವರು, 1944ರಲ್ಲಿ ತೀರಿಕೊಂಡರು. 1917ರಿಂದ ಗಿಂಬೆಲ್ ಹೆಸರಲ್ಲಿ ಕೊಡುತ್ತಿದ್ದ ಬಹುಮಾನಕ್ಕೆ ಆಮೇಲೆ ಇವರ ಹೆಸರು ಬಂತು. ಇದು ಜಾಸ್ತಿ ಪಾಯಿಂಟ್ ಹೊಡೆದವನಿಗಲ್ಲ. ರಾಜ್ಯದ ಫೈನಲ್‌ನಲ್ಲಿ ಆಡಿದ ಕೊನೇ ವರ್ಷದ ಹುಡುಗರಲ್ಲಿ ಮನೋಭಾವ, ಓದು, ಮುಂದಾಳತ್ವ, ಆಟ ಎಲ್ಲವನ್ನೂ ನೋಡಿ ಕೊಡುತ್ತಾರೆ. 1954ರಲ್ಲಿ ಇದು ಸಿಕ್ಕಿದ್ದು ಬಾಬಿ ಪ್ಲಂಪ್‌ಗೆ. ನೂರ ಅರವತ್ತು ಚಿಲ್ಲರೆ ಮಕ್ಕಳಿದ್ದ ಮೈಲನ್ ಅನ್ನುವ ಹಳ್ಳಿ ಶಾಲೆ ದೊಡ್ಡ ಮನ್ಸಿ ಸೆಂಟ್ರಲ್ ಶಾಲೆಯನ್ನು 32-30ರಲ್ಲಿ ಸೋಲಿಸಿದ್ದು ಅದೇ ವರ್ಷ. ಕೊನೇ ಶಾಟ್ ಪ್ಲಂಪ್‌ದೇ.

ನನಗೆ ಇಷ್ಟವಾಗಿದ್ದು ಆ ಪ್ರಶಸ್ತಿಯ ಜೊತೆಗಿನ ದುಡ್ಡಿನ ಏರ್ಪಾಡು. ಒಂದು ವಿಮಾ ಕಂಪನಿ 1,000 ಡಾಲರ್ ಕೊಡುತ್ತದೆ. ಅದು ಹುಡುಗನ ಕೈಗೆ ಹೋಗುವುದಿಲ್ಲ. ಅವನ ಹೆಸರಲ್ಲಿ ಅವನ ಶಾಲೆಯ ಸ್ಕಾಲರ್‌ಶಿಪ್ ನಿಧಿಗೆ ಹೋಗುತ್ತದೆ. ಗೌರವ ಒಬ್ಬನಿಗೆ, ಉಪಯೋಗ ಇನ್ನೊಬ್ಬನಿಗೆ. ಹೀಗೆ ಮಾಡಿದರೆ ಆಟಗಾರನ ಅರ್ಹತೆಯ ತಕರಾರೂ ಏಳುವುದಿಲ್ಲ. ಯಾಕೆಂದರೆ ಹೈಸ್ಕೂಲಿನಲ್ಲಿ ಇನ್ನೂ ಆಡುತ್ತಿರುವ ಮಕ್ಕಳು ತಗೊಳ್ಳುವ ಬಹುಮಾನಕ್ಕೆ ಆಯಾ ರಾಜ್ಯದ ಕ್ರೀಡಾ ಸಂಘ ಸಾಮಾನ್ಯವಾಗಿ ಮಿತಿ ಇಟ್ಟಿರುತ್ತದೆ. ನೀವು ಪ್ರೀತಿಯಿಂದ ಕೊಟ್ಟ ಕ್ಯಾಶ್‌ನಿಂದ ಹುಡುಗಿಯೊಬ್ಬಳು ಮುಂದಿನ ಸೀಸನ್ ಆಡಲಾಗದೆ ಕೂತರೆ ಹೇಗಿರುತ್ತದೆ? ಏನೇ ಕೊಡುವ ಮೊದಲು ಶಾಲೆಯ ಅಥ್ಲೆಟಿಕ್ ಡೈರೆಕ್ಟರನ್ನು ಒಂದು ಮಾತು ಕೇಳಿ.

ಖರ್ಚೇ ಇಲ್ಲದ ದಾರಿಯೂ ಇದೆ. ಶಿಕಾಗೋದ ಸಿಮಿಯನ್ ಶಾಲೆಯ ಬೆನ್ ವಿಲ್ಸನ್ ಆ ಕಾಲಕ್ಕೆ ದೇಶದ ಅತ್ಯುತ್ತಮ ಹೈಸ್ಕೂಲ್ ಆಟಗಾರ ಅನ್ನಿಸಿಕೊಂಡಿದ್ದ ಹುಡುಗ. 1984ರ ನವೆಂಬರ್ 20ರಂದು ಶಾಲೆಯ ಹತ್ತಿರವೇ ಅವನಿಗೆ ಗುಂಡು ತಗುಲಿತು, ಮರುದಿನ ತೀರಿಕೊಂಡ. ಅವನ ಜರ್ಸಿ ನಂಬರ್ 25. ಸಾಮಾನ್ಯವಾಗಿ ಇಂಥ ನಂಬರನ್ನು ಗೋಡೆಗೆ ತೂಗುಹಾಕಿ ಮತ್ತೆ ಯಾರೂ ತೊಡದ ಹಾಗೆ ಮಾಡುತ್ತಾರೆ. ಸಿಮಿಯನ್‌ನಲ್ಲಿ ಅದನ್ನು ತೊಡಿಸುತ್ತಲೇ ಬಂದರು. ನಿಕ್ ಆಂಡರ್ಸನ್ 25 ತೊಟ್ಟು ವೃತ್ತಿಪರ ಲೀಗ್ ಎನ್‌ಬಿಎವರೆಗೂ ಅದನ್ನೇ ಒಯ್ದರು. ಇಪ್ಪತ್ತು ವರ್ಷ ಆದಮೇಲೆ, ಮುಂದೆ ಎನ್‌ಬಿಎ ತಾರೆಯಾದ ಡೆರಿಕ್ ರೋಸ್ ಸಿಮಿಯನ್‌ಗೆ ಆಡಿದ್ದೂ ಅದೇ 25ರಲ್ಲಿ. ಗೋಡೆಯ ಮೇಲಿನ ಜರ್ಸಿಗೆ ಧೂಳು ಕೂರುತ್ತದೆ. ಮೈಮೇಲಿನ ಜರ್ಸಿಯನ್ನು ನೋಡಿದವರು "ಈ ನಂಬರ್ ಯಾಕೆ" ಅಂತ ಕೇಳುತ್ತಾರೆ.

ನ್ಯಾಸ್ಮಿತ್ ಪ್ರಶಸ್ತಿ, ಮಾರ್ಗನ್ ವೂಟನ್ ಪ್ರಶಸ್ತಿಯಂಥ ದೇಶಮಟ್ಟದ ಹೆಸರುಗಳನ್ನು ನಮ್ಮ ಲೆಕ್ಕಕ್ಕೆ ತಗೊಳ್ಳುವುದು ಬೇಡ. ಡಿಮಾಥಾ ಶಾಲೆಯಲ್ಲಿ 1,274 ಪಂದ್ಯ ಗೆದ್ದ ಕೋಚ್ ವೂಟನ್ ಬದುಕಿದ್ದಾಗಲೇ ಅವರ ಹೆಸರಿನ ಪ್ರಶಸ್ತಿ ಶುರುವಾಗಿತ್ತು. ಅದನ್ನು ಹೊತ್ತು ನಡೆಸಲು ಹಿಂದೆ ದೇಶದ ಆಯ್ದ ಆಟಗಾರರ ದೊಡ್ಡ ಪಂದ್ಯವೇ ಇದೆ.

ಸ್ಕಾಲರ್‌ಶಿಪ್: ದುಡ್ಡು ಯಾರ ಹತ್ತಿರ ಇರಬೇಕು?

ನಿಜವಾದ ಹೋಲಿಕೆ ಬೇಕಾಗುವುದು ಇಲ್ಲಿ. ಮುಖ್ಯವಾಗಿ ಮೂರು ಜಾಗ ಇವೆ.

ಒಂದು, ಬೂಸ್ಟರ್ ಕ್ಲಬ್. ತಂಡದ ಮಕ್ಕಳ ಅಪ್ಪ ಅಮ್ಮಂದಿರೇ ಸೇರಿ ನಡೆಸುವ ಸಂಘ. ಪಾಪ್‌ಕಾರ್ನ್ ಮಾರಿ ಜರ್ಸಿಗೆ ದುಡ್ಡು ಹೊಂದಿಸುವವರು ಇವರೇ. ಚೆಕ್ ಕೊಟ್ಟರೆ ನಾಳೆಯೇ ಶುರು, ಕಾಗದಪತ್ರ ಕಮ್ಮಿ. ಆದರೆ ಇವರ ಮಕ್ಕಳು ನಾಲ್ಕು ವರ್ಷದಲ್ಲಿ ಶಾಲೆ ಬಿಡುತ್ತಾರೆ, ಜೊತೆಗೆ ಇವರೂ. ಇವತ್ತಿನ ಖಜಾಂಚಿಗೆ ನಿಮ್ಮ ಹುಡುಗನ ಮುಖ ನೆನಪಿದೆ. ಐದನೇ ವರ್ಷದ ಖಜಾಂಚಿಗೆ ಅದು ಲೆಕ್ಕದ ಹಾಳೆಯ ಒಂದು ಸಾಲು. ಮೇಲೆ ಹೇಳಿದ ಹದಿನಾರು ಖಾಲಿ ಪಟ್ಟಿಗಳು ಹುಟ್ಟುವುದು ಹೀಗೇ. ಇಲ್ಲಿ ಕೊಡುವುದಾದರೆ ದುಡ್ಡು ಯಾವುದಕ್ಕೆ, ಯಾವಾಗ, ಯಾರು ಆರಿಸಬೇಕು ಅಂತ ಒಂದು ಪುಟ ಬರೆದು ಇಬ್ಬರೂ ಸಹಿ ಹಾಕಿ. ಆ ಕ್ಲಬ್ 501(ಸಿ)(3) (ತೆರಿಗೆ ಇಲಾಖೆ ಒಪ್ಪಿದ ಧರ್ಮಾರ್ಥ) ಸಂಸ್ಥೆ ಹೌದೋ ಅಲ್ಲವೋ ಅಂತಲೂ ನೋಡಿ. ಅಲ್ಲದಿದ್ದರೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ.

ಎರಡು, ಕಮ್ಯುನಿಟಿ ಫೌಂಡೇಶನ್. ಒಂದು ಊರಿನ ಅಥವಾ ಕೌಂಟಿಯ ನೂರಾರು ದತ್ತಿಗಳನ್ನು ಒಟ್ಟಿಗೆ ನೋಡಿಕೊಳ್ಳುವ ಸಂಸ್ಥೆ. ಇಂಥದ್ದು ಮೊದಲು ಶುರುವಾದದ್ದು 1914ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ. ಈಗ ಹೆಚ್ಚುಕಮ್ಮಿ ಎಲ್ಲ ಕಡೆ ಇವೆ. ಅಜ್ಜಿ ಹೇಳಿದ ದತ್ತಿಗೆ ತೀರಾ ಹತ್ತಿರದ್ದು ಇದೇ. ಅರ್ಜಿ ಕರೆಯುವುದು, ಅಂಕಪಟ್ಟಿ ನೋಡುವುದು, ಕಾಲೇಜಿಗೆ ಚೆಕ್ ಕಳಿಸುವುದು ಎಲ್ಲ ಅವರ ಕೆಲಸ. ಅದಕ್ಕೆ ವರ್ಷಕ್ಕೆ ಒಂದಿಷ್ಟು ಶುಲ್ಕ ಹಿಡಿಯುತ್ತಾರೆ. ಶಾಶ್ವತ ನಿಧಿ ಇಡಬೇಕಾದರೆ ಕನಿಷ್ಠ ಮೊತ್ತ ಇರುತ್ತದೆ. ಕೆಲವು ಕಡೆ 10,000, ಕೆಲವು ಕಡೆ 25,000, ಅದಕ್ಕೂ ಜಾಸ್ತಿ ಕೇಳುವವರೂ ಇದ್ದಾರೆ. ಅಪ್ಪ ಅಮ್ಮ ಆಯ್ಕೆ ಸಮಿತಿಯಲ್ಲಿ ಕೂರಬಹುದು, ಆದರೆ ಸಮಿತಿ ಅವರ ಹಿಡಿತದಲ್ಲಿ ಇರುವ ಹಾಗಿಲ್ಲ. 2006ರ ಕಾನೂನು ಬಂದಮೇಲೆ ಇದರಲ್ಲಿ ಬಿಗಿ ಜಾಸ್ತಿ. "ನಮ್ಮ ಮಗನ ಹೆಸರಿನ ದುಡ್ಡು, ನಾವೇ ಆರಿಸಬಾರದಾ?" ಅಂತ ಅವನಮ್ಮ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೂರು, ನಿಮ್ಮದೇ ಹೊಸ ಸಂಸ್ಥೆ. ಇದು ಬೇಡ ಅಂತಲೇ ನನ್ನ ಅಭಿಪ್ರಾಯ. ಅರ್ಜಿ ಶುಲ್ಕವೇನೋ ದೊಡ್ಡದಲ್ಲ, ತೆರಿಗೆ ಇಲಾಖೆ ಐಆರ್‌ಎಸ್‌ಗೆ ಚಿಕ್ಕ ಫಾರಮ್ ಆದರೆ 275 ಡಾಲರ್, ದೊಡ್ಡದಾದರೆ 600. ಕಷ್ಟ ಇರುವುದು ಆಮೇಲೆ. ಬೋರ್ಡು, ಮೀಟಿಂಗು, ವರ್ಷಾ ವರ್ಷಾ ಫೈಲಿಂಗು, ರಾಜ್ಯದ ನೋಂದಣಿ. ಅದು ಪ್ರೈವೇಟ್ ಫೌಂಡೇಶನ್ (ಒಂದೇ ಕುಟುಂಬದಂಥ ಕೆಲವರ ದುಡ್ಡಿನಲ್ಲಿ ನಡೆಯುವುದು) ಅಂತ ಆದರೆ ಸ್ಕಾಲರ್‌ಶಿಪ್ ಕೊಡುವ ವಿಧಾನಕ್ಕೂ ಐಆರ್‌ಎಸ್ ಒಪ್ಪಿಗೆ ಮೊದಲೇ ಬೇಕು. ದುಃಖದಲ್ಲಿರುವವರ ತಲೆಗೆ ಇನ್ನೊಂದು ಆಫೀಸು ಕಟ್ಟಬೇಡಿ.

ಶಾಶ್ವತವಾಗಿಯೇ ಇರಬೇಕಾ?

ನಮ್ಮ ಮನಸ್ಸಿಗೆ ದತ್ತಿ ಅಂದರೆ ಅಸಲು ಮುಟ್ಟಬಾರದು, ಬಡ್ಡಿ ಮಾತ್ರ. ಇಲ್ಲಿನ ಶಾಶ್ವತ ನಿಧಿಯೂ ಹಾಗೇ. ವರ್ಷಕ್ಕೆ ಸಾಮಾನ್ಯವಾಗಿ ನೂರಕ್ಕೆ ನಾಲ್ಕೈದರಷ್ಟು ಮಾತ್ರ ತೆಗೆಯುತ್ತಾರೆ. ಅಂದರೆ 25,000 ಡಾಲರ್ ಇಟ್ಟರೆ ವರ್ಷಕ್ಕೆ ಸುಮಾರು 1,000. ನಮ್ಮ 18,000ಕ್ಕೆ 720 ಡಾಲರ್. ಇವತ್ತಿನ ಕಾಲೇಜು ಫೀಸಿಗೆ ಅದು ಯಾವ ಮೂಲೆಗೆ? ಇನ್ನು ಇಪ್ಪತ್ತು ವರ್ಷಕ್ಕೆ ಅದೂ ಸ್ಟೀಲ್ ಲೋಟ ಆಗಬಹುದು.

ಇನ್ನೊಂದು ದಾರಿಯಲ್ಲಿ ಅಸಲನ್ನೇ ಖರ್ಚು ಮಾಡುತ್ತಾ ಹೋಗುತ್ತಾರೆ. ವರ್ಷಕ್ಕೆ 1,500ರಂತೆ ಅದೇ 18,000 ಹನ್ನೆರಡು ವರ್ಷ ಬರುತ್ತದೆ, ಬಡ್ಡಿ ಲೆಕ್ಕಕ್ಕೆ ಹಿಡಿಯದೆ. ಮೊದಲು ಕೇಳಿದಾಗ ಅವರಪ್ಪನಿಗೆ ಇದು ಹಿಡಿಸಲಿಲ್ಲ. "ಹನ್ನೆರಡು ವರ್ಷ ಆದಮೇಲೆ?" ಅಂದರು. ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಅವನ ಜೊತೆ ಆಡಿದವರಿಗೆ ಆಗ ಮೂವತ್ತರ ಹತ್ತಿರ ಆಗಿರುತ್ತದೆ, ಕೆಲಸದಲ್ಲಿರುತ್ತಾರೆ. ಮುಂದುವರಿಸಬೇಕು ಅನ್ನಿಸಿದರೆ ಅವರೇ ಕೊಡುತ್ತಾರೆ. ಕೈಯಲ್ಲಿ 50,000ಕ್ಕೆ ಮೇಲಿದ್ದರೆ ಶಾಶ್ವತ ನಿಧಿ ಯೋಚಿಸಿ. 20,000ದ ಒಳಗಿದ್ದರೆ ಖರ್ಚು ಮಾಡಿ ಮುಗಿಸುವುದೇ ಒಳ್ಳೆಯದು ಅನ್ನುತ್ತೇನೆ ನಾನು. ನಡುವಿನ ಮೊತ್ತಕ್ಕೆ ಅವರವರ ಮನಸ್ಸು.

ಚೆಕ್ ಬರೆಯುವ ಮೊದಲು

ಕಾಲೇಜುಗಳು ಒಂದು ಕೆಲಸ ಮಾಡುತ್ತವೆ. ಹೊರಗಿನಿಂದ ಸ್ಕಾಲರ್‌ಶಿಪ್ ಬಂತು ಅಂದರೆ ತಾವು ಕೊಡುತ್ತಿದ್ದ ನೆರವಿನಲ್ಲಿ ಅಷ್ಟನ್ನು ಕಡಿಮೆ ಮಾಡುತ್ತವೆ, ಎಲ್ಲ ಕಾಲೇಜು ಅಲ್ಲ, ಹಲವು. ಅಂದರೆ ನೀವು ಕೊಟ್ಟ 1,500 ಹುಡುಗನ ಬದಲು ಕಾಲೇಜಿಗೆ ಉಳಿತಾಯ ಆಯಿತು. ಸರ್ಕಾರಿ ಕಾಲೇಜುಗಳಲ್ಲಿ ಇದಕ್ಕೆ ಕಡಿವಾಣ ಹಾಕಿದ ಮೊದಲ ರಾಜ್ಯ ಮೇರಿಲ್ಯಾಂಡ್, 2017ರಲ್ಲಿ. ಆಮೇಲೆ ಬೇರೆ ಕೆಲವು ರಾಜ್ಯಗಳೂ ಕಾನೂನು ಮಾಡಿದವು. ನಿಮ್ಮ ಹುಡುಗ ಸೇರುವ ಕಾಲೇಜು ಏನು ಮಾಡುತ್ತದೆ ಅಂತ ಅದರ ಹಣಕಾಸು ನೆರವಿನ ಆಫೀಸಿಗೆ ಫೋನ್ ಮಾಡಿ ಕೇಳಬಹುದು. ಮೊದಲು ಸಾಲದ ಭಾಗ ಕಡಿಮೆ ಮಾಡಿ, ಕೊಡುಗೆಯ ಭಾಗ ಮುಟ್ಟಬೇಡಿ ಅಂತ ವಿದ್ಯಾರ್ಥಿಯೇ ಕೇಳಿಕೊಂಡರೆ ಎಷ್ಟೋ ಕಡೆ ಒಪ್ಪುತ್ತಾರೆ.

ತೆರಿಗೆಯಲ್ಲೂ ಒಂದು ಗೆರೆ ಇದೆ. ಬೋಧನಾ ಶುಲ್ಕ, ಪುಸ್ತಕ, ಕೋರ್ಸಿಗೆ ಕಡ್ಡಾಯವಾದ ಸಾಮಾನು ಇವಕ್ಕೆ ಬಳಸಿದ ಸ್ಕಾಲರ್‌ಶಿಪ್‌ಗೆ ಪದವಿ ಓದುವ ವಿದ್ಯಾರ್ಥಿ ತೆರಿಗೆ ಕಟ್ಟಬೇಕಿಲ್ಲ. ಹಾಸ್ಟೆಲ್ ಬಾಡಿಗೆಗೆ, ಊಟಕ್ಕೆ ಹೋದ ಭಾಗ ಆದಾಯದ ಲೆಕ್ಕಕ್ಕೆ ಬರುತ್ತದೆ. ಹಾಗಂತ ಊಟಕ್ಕೆ ಕೊಡಬೇಡಿ ಅಂತ ನಾನು ಹೇಳುತ್ತಿಲ್ಲ. ಬಡ ಮನೆಯ ಮಕ್ಕಳಿಗೆ ಕೆಲವೊಮ್ಮೆ ಫೀಸಿಗಿಂತ ಊಟದ್ದೇ ಚಿಂತೆ.

ಇನ್ನು ಷರತ್ತು. "ಕಾಲೇಜಿನಲ್ಲೂ ಬ್ಯಾಸ್ಕೆಟ್‌ಬಾಲ್ ಆಡಬೇಕು" ಅಂತ ದಯವಿಟ್ಟು ಹಾಕಬೇಡಿ. ಹೈಸ್ಕೂಲಿನಲ್ಲಿ ಆಡುವ ನೂರು ಮಕ್ಕಳಲ್ಲಿ ಎನ್‌ಸಿಎಎ (ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘ) ಕಾಲೇಜು ತಂಡಕ್ಕೆ ಹೋಗುವವರು ಮೂರೋ ನಾಲ್ಕೋ ಮಂದಿ. ಅಂಥವರ ಮೇಲೆ ಎಲ್ಲರ ಕಣ್ಣೂ ಮೊದಲೇ ಬಿದ್ದಿರುತ್ತದೆ. ಜೊತೆಗೆ ಎನ್‌ಸಿಎಎಯ ಮೂರನೇ ಡಿವಿಜನ್ ಕಾಲೇಜುಗಳು, ಹಾರ್ವರ್ಡ್‌ನಂಥ ಐವಿ ಲೀಗ್ ಕಾಲೇಜುಗಳು ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಅಲ್ಲಿ ಆಡುವ ಮಕ್ಕಳಿಗೆ ಹೊರಗಿನ ದುಡ್ಡು "ಆಟಕ್ಕೆ" ಅಂತ ಬಂದರೆ ಹತ್ತು ಪ್ರಶ್ನೆ ಏಳಬಹುದು. ಕಾಲೇಜಿನಲ್ಲಿ ಕ್ರೀಡಾ ನಿಯಮ ನೋಡಿಕೊಳ್ಳುವ ಕಂಪ್ಲಯನ್ಸ್ ಆಫೀಸು ಇರುವುದೇ ಇಂಥದ್ದಕ್ಕೆ, ಮೊದಲೇ ಕೇಳಿ.

ಐನೂರು ಪದದ ಪ್ರಬಂಧ, ಮೂರು ಶಿಫಾರಸು ಪತ್ರ ಎಲ್ಲ ಕೇಳಿದರೆ ಅರ್ಜಿ ಬರುವುದು ಮೊದಲೇ ಅನುಕೂಲ ಇರುವ ಮನೆಗಳಿಂದ. ಸಂಜೆ ಅಂಗಡಿಯಲ್ಲಿ ಕೆಲಸ ಮಾಡಿ, ತಂಗಿಯನ್ನು ನೋಡಿಕೊಂಡು, ಪ್ರಾಕ್ಟೀಸಿಗೂ ಬರುವ ಹುಡುಗನಿಗೆ ಅಷ್ಟು ಹೊತ್ತು ಎಲ್ಲಿಂದ ಬರಬೇಕು? ಎರಡು ಪ್ರಶ್ನೆ ಸಾಕು.

ಪಂದ್ಯಾವಳಿ, ಮತ್ತೆ ಗೋಡೆಯ ಮೇಲಿನ ಒಂದು ಡಬ್ಬಿ

ಸ್ಮರಣೆಯ ಟೂರ್ನಮೆಂಟ್ ನಡೆಸೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೊದಲ ವರ್ಷ ಜನ ತುಂಬಿರುತ್ತಾರೆ, ಕಣ್ಣೀರು, ಟೀ ಶರ್ಟು, ಚಿತ್ರಾನ್ನದ ಪೊಟ್ಟಣ ಎಲ್ಲ ಇರುತ್ತದೆ. ಮೂರನೇ ವರ್ಷಕ್ಕೆ ಜಿಮ್ ಬಾಡಿಗೆ, ರೆಫರಿ, ವಿಮೆ ಕಳೆದು ಉಳಿಯುವುದು ಎಷ್ಟು ಅಂತ ನೋಡಿ. ನನಗೆ ಇದಕ್ಕಿಂತ ಫ್ರೀ ಥ್ರೋ ಸಂಜೆ ಮೇಲು ಅನ್ನಿಸುತ್ತದೆ. ಇರುವ ಪಂದ್ಯದ ಮಧ್ಯದಲ್ಲೇ ಮಕ್ಕಳು ಹತ್ತು ಹತ್ತು ಎಸೆಯುತ್ತಾರೆ, ಬಿದ್ದ ಪ್ರತಿ ಬಾಲಿಗೆ ಯಾರೋ ಒಂದು ಡಾಲರ್ ಕೊಡುತ್ತಾರೆ.

ಮಿಶಿಗನ್ನಿನ ಫೆನ್‌ವಿಲ್ ಕಥೆ ಮಾತ್ರ ಬೇರೆ. 2011ರ ಮಾರ್ಚ್ 3ರಂದು ಹದಿನಾರರ ವೆಸ್ ಲಿಯೊನಾರ್ಡ್ ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಬುಟ್ಟಿ ಹಾಕಿದ. 57-55. ತಂಡ ಆ ಸೀಸನ್‌ನ ಇಪ್ಪತ್ತೂ ಪಂದ್ಯ ಗೆದ್ದಿತ್ತು. ಗೆಳೆಯರು ಅವನನ್ನು ಎತ್ತಿ ಕುಣಿದರು. ಕೆಲವೇ ನಿಮಿಷದಲ್ಲಿ ಅಂಕಣದಲ್ಲೇ ಕುಸಿದು ಬಿದ್ದ, ಉಳಿಯಲಿಲ್ಲ. ಹೃದಯ ಹಿಗ್ಗಿತ್ತು, ಯಾರಿಗೂ ಗೊತ್ತಿರಲಿಲ್ಲ. ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಅಲ್ಲಿತ್ತು, ಬ್ಯಾಟರಿ ಕೈಕೊಟ್ಟಿತ್ತು ಅಂತ ವರದಿಯಾಯಿತು. ಅವನ ಹೆಸರಲ್ಲಿ ಮನೆಯವರು ಕಟ್ಟಿದ ಸಂಸ್ಥೆ ಶಾಲೆಗಳಿಗೆ ಎಇಡಿ ಒದಗಿಸುವ ಕೆಲಸ ಮಾಡುತ್ತಾ ಬಂದಿದೆ.

ನಿಮ್ಮವರು ಹೋದದ್ದು ಹೃದಯದ ತೊಂದರೆಯಿಂದ ಆಗಿದ್ದರೆ, ಸ್ಕಾಲರ್‌ಶಿಪ್‌ಗಿಂತ ಮೊದಲು ಇದನ್ನು ಯೋಚಿಸಿ. ಒಂದು ಯಂತ್ರಕ್ಕೆ ಸಾವಿರದಿಂದ ಎರಡು ಸಾವಿರ ಡಾಲರ್ ಆಗುತ್ತದೆ. ಆದರೆ ಕೊಟ್ಟು ಕೈತೊಳೆದುಕೊಳ್ಳುವ ಹಾಗಿಲ್ಲ. ಎದೆಗೆ ಅಂಟಿಸುವ ಪ್ಯಾಡ್‌ಗಳಿಗೂ ಬ್ಯಾಟರಿಗೂ ಅವಧಿ ಇದೆ, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಆ ಖರ್ಚನ್ನೂ ಎತ್ತಿಡಿ. ಸೀಸನ್ ಶುರುವಾಗುವ ದಿನ, ಯಂತ್ರ ಸರಿಯಿದೆ ಅಂತ ತೋರಿಸುವ ಹಸಿರು ದೀಪ ಮಿನುಗುತ್ತಿದೆಯಾ ಅಂತ ನೋಡುವವರ ಹೆಸರನ್ನು ಡಬ್ಬಿಯ ಮೇಲೇ ಬರೆದಿಡಿ.

ನಾವು ಮಾಡಿದ್ದು

ಕೊನೆಗೆ ಎರಡನ್ನು ಸೇರಿಸಿದೆವು. 18,000 ಡಾಲರ್ ಕಮ್ಯುನಿಟಿ ಫೌಂಡೇಶನ್‌ನಲ್ಲಿ, ಖರ್ಚು ಮಾಡಿ ಮುಗಿಸುವ ನಿಧಿಯಾಗಿ. ವರ್ಷಕ್ಕೆ 750ರಂತೆ ಇಬ್ಬರಿಗೆ, ಒಬ್ಬ ಹುಡುಗ, ಒಬ್ಬಳು ಹುಡುಗಿ. ಚೆಕ್ ನೇರ ಕಾಲೇಜಿಗೆ. ಜೊತೆಗೆ ಶಾಲೆಯಲ್ಲಿ ಒಂದು ಫಲಕ. ಅದರ ಹೊಣೆ ಕೋಚ್‌ಗೆ ಕೊಡಲಿಲ್ಲ, ಶಾಲೆಯ ಅಥ್ಲೆಟಿಕ್ ಆಫೀಸಿನ ವಾರ್ಷಿಕ ಕೆಲಸದ ಪಟ್ಟಿಗೇ ಸೇರಿಸಿದೆವು.

ಷರತ್ತಿನ ಬಗ್ಗೆ ತುಂಬ ಮಾತಾಯಿತು. ಜಿಪಿಎ, ಅಂದರೆ ಸರಾಸರಿ ಅಂಕ, ಇಷ್ಟಿರಬೇಕು ಅಂದರು ಒಬ್ಬರು. ತಂಡದ ನಾಯಕನಿಗೆ ಕೊಡೋಣ ಅಂದರು ಇನ್ನೊಬ್ಬರು. ಅವನಮ್ಮ ಸುಮ್ನೆ ಕೂತಿದ್ದರು. ಆಮೇಲೆ "ಅವನು ಆಡಿದ್ದೇ ಕಮ್ಮಿ, ಒಂದು ದಿನ ಪ್ರಾಕ್ಟೀಸ್ ತಪ್ಪಿಸಲಿಲ್ಲ" ಅಂದರು. ಅದನ್ನೇ ಬರೆದೆವು: ಕಡಿಮೆ ನಿಮಿಷ ಆಡಿ, ಎಲ್ಲ ಪ್ರಾಕ್ಟೀಸಿಗೂ ಬಂದವರಿಗೆ.

ಮೊದಲ ವರ್ಷದ ಸಂಜೆ ಕೋಚ್ ಎದ್ದು ನಿಂತು ಹೆಸರು ಓದಿದರು. ಒಳ್ಳೆಯ ಮನುಷ್ಯ, ನಾಲ್ಕು ವರ್ಷ ಹುಡುಗನನ್ನು ಅಡ್ಡಹೆಸರಿನಿಂದಲೇ ಕರೆದವರು. ಪೂರ್ತಿ ಹೆಸರು ಬಂದಾಗ ನಾಲಿಗೆ ತಡವರಿಸಿ ಯಾರದ್ದೋ ಹೆಸರಾಯಿತು. ಅವರಪ್ಪ ಮರುದಿನ ಒಂದು ಕಾರ್ಡ್ ತಗೊಂಡು ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ಅವರಿಗೆ ಓದಲು ಬರುವ ಹಾಗೆ ಇಂಗ್ಲಿಷಿನಲ್ಲಿ ಬರೆದರು. ಎಲ್ಲಿ ಒತ್ತಬೇಕು ಅನ್ನುವಲ್ಲಿ ಕೆಂಪು ಗೆರೆ. ಹಿಂದೆ ಕನ್ನಡದಲ್ಲೂ ಒಮ್ಮೆ ಬರೆದರು, ಯಾರಿಗೆ ಅಂತ ನಾನು ಕೇಳಲಿಲ್ಲ. ಲ್ಯಾಮಿನೇಟ್ ಮಾಡಿಸಿ ಎರಡು ಪ್ರತಿ ಮಾಡಿದೆವು. ಒಂದು ಅಥ್ಲೆಟಿಕ್ ಆಫೀಸಿನ ಡ್ರಾಯರಿನಲ್ಲಿದೆ. ಇನ್ನೊಂದನ್ನು ಫಲಕದ ಹಿಂಬದಿಗೆ ಅಂಟಿಸಿದ್ದೇವೆ.